ನಾಲ್ಕು ಬೆರಳು ಹಿಮ

ರೌಹಾದ ಸಹಕಾರಿ ಅಂಗಡಿಗೆ ಚಪ್ಪಟೆ ಚಾವಣಿ. ಚರ್ಚಿನ ಗುಡ್ಡಕ್ಕೆ ಹೋಗುವ ರಸ್ತೆ ಅಂಗಡಿಯ ಬೆನ್ನಿಗೇ ಅಂಟಿಕೊಂಡು ಮೇಲೇರುತ್ತದೆ. ಹಾಗಾಗಿ ಭಾನುವಾರ ಬೆಳಿಗ್ಗೆ ಊರಿನವರೆಲ್ಲ ಆ ಚಾವಣಿಯನ್ನು ನೋಡಿಕೊಂಡೇ ಪ್ರಾರ್ಥನೆಗೆ ಹೋಗಬೇಕು. ಚಳಿಗಾಲದಲ್ಲಿ ಅದು ಕರ್ರಗೆ ಕಂಡರೆ ಊರು ನೆಟ್ಟಗಿದೆ ಎಂದರ್ಥ. ಬೆಳ್ಳಗೆ ಕಂಡರೆ ಯಾರೋ ಮೈಗಳ್ಳರಾಗಿದ್ದಾರೆ ಎಂದರ್ಥ.

ಹಿಮ ಮೊಣಕಾಲು ದಾಟಿದ ವಾರದ ಶನಿವಾರ ಟಾಲ್ಕೂತ್. ಕೂಲಿಯಿಲ್ಲದೆ ಊರವರೆಲ್ಲ ಕೂಡಿ ಮಾಡುವ ಕೆಲಸ. ಬನ್ನಿ ಎಂದು ಯಾರೂ ಕರೆಯುವುದಿಲ್ಲ, ಬಾರದವರನ್ನು ಯಾಕೆ ಬರಲಿಲ್ಲ ಎಂದು ಕೇಳುವುದೂ ಇಲ್ಲ. ಕೇಳದೆ ಇರುವುದೇ ಶಿಕ್ಷೆ. ತಾಮ್ರದ ಗಣಿಯಲ್ಲಿ ದುಡಿಯಲು ಫಿನ್ಲೆಂಡಿನಿಂದ ಮಿಷಿಗನ್ನಿನ ಈ ಉತ್ತರದ ತುದಿಗೆ ಬಂದ ಅಜ್ಜಂದಿರು ಜೊತೆಗೆ ತಂದ ಪದ್ಧತಿ ಅದು. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಪದ್ಧತಿ ಉಳಿದಿದೆ. ಪ್ರತಿಯೊಬ್ಬರೂ ತಮ್ಮ ಮನೆಯ ಸ್ಕೂಪು ತರುತ್ತಾರೆ. ಮಗುವನ್ನು ಮಲಗಿಸಬಹುದಾದಷ್ಟು ದೊಡ್ಡ ತಗಡಿನ ಮೊರ, ಎರಡು ಕೈಯಲ್ಲಿ ಹಿಡಿದು ತಳ್ಳಲು ಬಾಗಿದ ಕೊಳವೆ, ಮುಂದೆ ಉಕ್ಕಿನ ಅಂಚು. ಒಂದು ಸಲ ತಳ್ಳಿದರೆ ಒಂದು ಕರುವಿನ ತೂಕದಷ್ಟು ಹಿಮ ಕೆಳಗಿನ ಅಂಗಳಕ್ಕೆ ಧೊಪ್ಪೆಂದು ಬೀಳುತ್ತದೆ. 'ಕಪ್ಪಿಗೆ ಇಳಿಸು' ಎನ್ನುವುದು ಇಲ್ಲಿನ ಮಾತು. ಚಾವಣಿಯ ಮೈ ಕಪ್ಪಗೆ ಕಾಣುವವರೆಗೂ ಕೆರೆಯಬೇಕು. ಅಡಿಯಲ್ಲಿ ಹಿಮ ಬಿಟ್ಟು ಇಳಿದು ಬರುವುದೂ ಒಂದೇ, ಉಂಡ ತಟ್ಟೆಯನ್ನು ತೊಳೆಯದೆ ಕಪಾಟಿನಲ್ಲಿಡುವುದೂ ಒಂದೇ.

ಅಂಗಡಿಯ ಬಾಯ್ಲರು, ನಲ್ಲಿ, ಫ್ರೀಜರು, ಚಾವಣಿ ಎಲ್ಲವನ್ನೂ ನೋಡಿಕೊಳ್ಳುವವನು ಮೆಲ್ವಿನ್ ಹೌತಲಾ. ಐವತ್ತೊಂದು ವರ್ಷ. ಬೀಗ ಹಾಕಿ ಅರ್ಧ ದಾರಿ ಹೋದ ಮೇಲೆ ಹಾಕಿದೆನೋ ಇಲ್ಲವೋ ಎಂದು ಹಿಂದಿರುಗಿ ಬರುವ ಮನುಷ್ಯ. ಹಿಂದಿರುಗಿ ಬಂದು ಎಳೆದು ನೋಡುವಾಗ ಬೀಗವೇ ಸಡಿಲವಾಯಿತೇನೋ ಎಂದು ಹೊಸ ಚಿಂತೆ ಹಚ್ಚಿಕೊಳ್ಳುವವನೂ ಹೌದು. ಮಾಂಸದ ಕೌಂಟರಿನ ರೂಡಿ ನಾರಾ ಅವನನ್ನು 'ಎರಡನೇ ಸಲ' ಎಂದೇ ಕರೆಯುತ್ತಿದ್ದ. "ಎರಡನೇ ಸಲ ಬಂದ ನೋಡಿ" ಎಂದರೆ ಗಿರಾಕಿಗಳಿಗೆ ಯಾರೆಂದು ಗೊತ್ತಾಗುತ್ತಿತ್ತು.

ಟಾಲ್ಕೂತ್‌ಗೆ ಒಡತಿ ಹಿಲ್ಯಾ ಒಯಾಲಾ. ಎಪ್ಪತ್ತೇಳು ವರ್ಷದ ಆಕೆ ಆ ಊರಿಗೇ ಮುಮ್ಮು, ಎಂದರೆ ಅಜ್ಜಿ. ಮೂವತ್ತು ಚಳಿಗಾಲ ಆ ಚಾವಣಿಯನ್ನು ಕಪ್ಪಿಗೆ ಇಳಿಸಿದವಳು. ಅಂಗಡಿಯ ಆಡಳಿತ ಸಮಿತಿಯ ಅಧ್ಯಕ್ಷೆಯೂ ಆಕೆಯೇ. ಮೆಲ್ವಿನ್‌ನನ್ನು ಕೆಲಸಕ್ಕೆ ತೆಗೆದುಕೊಂಡದ್ದು, ಮೂವತ್ತು ಮೈಲಿ ದೂರದ ಕಾಲೇಜಿನ ಸಂಜೆ ತರಗತಿಗೆ ಕಳಿಸಬೇಕೆಂದು ಸಮಿತಿಯಲ್ಲಿ ಹಟ ಹಿಡಿದದ್ದು ಎರಡೂ ಆಕೆ. ಎರಡು ಚಳಿಗಾಲ, ಮಂಗಳವಾರ ಮತ್ತು ಗುರುವಾರ, ಅವನು ಕಟ್ಟಡಗಳ ಆರೈಕೆ ಕಲಿತು ಬಂದ. ಪ್ರತಿ ಶುಕ್ರವಾರ ಆಕೆ ಅಂಗಡಿಯ ಕಾಫಿ ಮೇಜಿನ ಹತ್ತಿರ ಅವನನ್ನು ತಡೆದು ನಿಲ್ಲಿಸುತ್ತಿದ್ದಳು.

"ಏನು ಹೇಳ್ಕೊಟ್ರೋ ಈ ವಾರ?"

"ಬಾಯ್ಲರಿನ ವಾಲ್ವಿನ ವಿಷಯ, ಮುಮ್ಮು."

"ಚೆನ್ನಾಗಿ ಬರ್ಕೋ. ಮರೆತು ಗಿರೆತು ಬಿಟ್ಟೀಯ."

ಒಂದು ಶುಕ್ರವಾರ ಮಾತ್ರ ಅವನು ಸುಳ್ಳು ಹೇಳಿದ. ಹಿಂದಿನ ಸಂಜೆ, ಇಪ್ಪತ್ತು ವರ್ಷ ಚಾವಣಿ ಕೆಲಸ ಮಾಡಿ ಮೊಣಕಾಲು ಕೆಡಿಸಿಕೊಂಡಿದ್ದ ಉಪನ್ಯಾಸಕಿ ಹೇಳಿದ್ದಳು: ಹಿಮದ ಭಾರ ಇಳಿಸಬೇಕು, ಆದರೆ ಮೈ ಕೆರೆಯಬಾರದು. ನಾಲ್ಕು ಬೆರಳು ಹಿಮ ಹಾಗೇ ಬಿಡಬೇಕು. ನೀರು ಇಳಿಯದಂತೆ ಚಾವಣಿಗೆ ಹಾಸಿದ ಹಾಳೆಗೆ ಅದೇ ಹೊದಿಕೆ. ಉಕ್ಕಿನ ಅಂಚು ತಗುಲಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಬೀಳುತ್ತದೆ, ಸೀಳಿನಲ್ಲಿ ನೀರು ಇಳಿದು ಮಂಜುಗಡ್ಡೆಯಾಗುತ್ತದೆ, ಗಡ್ಡೆ ಸೀಳನ್ನು ಹಿಗ್ಗಿಸುತ್ತದೆ. ವಸಂತದಲ್ಲಿ ಸೋರುತ್ತದೆ. ಮೆಲ್ವಿನ್ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದ. ಮರುದಿನ ಹಿಲ್ಯಾ ಕೇಳಿದಾಗ, "ಬಣ್ಣ ಹಚ್ಚೋದರ ಬಗ್ಗೆ," ಎಂದ.

ಹಳೆಯ ಚಾವಣಿ ಪ್ರತಿ ಏಪ್ರಿಲ್‌ನಲ್ಲೂ ಸೋರುತ್ತಿತ್ತು. ಹಿಟ್ಟಿನ ಸಾಲಿನಲ್ಲಿ ಎರಡು ಬಕೆಟ್, ಫ್ರೀಜರಿನ ಹತ್ತಿರ ಒಂದು. ಹಾಳೆ ಹಾಕಿದವನನ್ನು, ಊರಾಚೆಯ ದೊಡ್ಡ ಸರೋವರದ ಗಾಳಿಯನ್ನು, ಈಗಿನ ಕಾಲದ ಕಳಪೆ ಸಾಮಾನನ್ನು ಊರು ಬೈಯುತ್ತಿತ್ತು. ಇಪ್ಪತ್ತು ವರ್ಷ ಬಾಳಬೇಕಾದ ಹಾಳೆ ಹದಿಮೂರಕ್ಕೇ ಹೋಯಿತು. ಜೂನ್‌ನಲ್ಲಿ ಅದನ್ನು ಕಿತ್ತು ಲಾರಿಗೆ ತುಂಬುವಾಗ ಮೆಲ್ವಿನ್ ಒಂದು ತೋಳುದ್ದದ ತುಂಡನ್ನು ಕತ್ತರಿಸಿ ಇಟ್ಟುಕೊಂಡ. ಬಾಯ್ಲರ್ ಕೋಣೆಯಲ್ಲಿ ಬೆಳಕಿಗೆ ಹಿಡಿದು ನೋಡಿದ. ಸೀಳುಗಳೆಲ್ಲ ಜೋಡಿ ಜೋಡಿಯಾಗಿದ್ದವು. ಒಂದು ಉದ್ದನೆಯದು, ಅದರಿಂದ ಎರಡು ಬೆರಳಾಚೆ ಇನ್ನೊಂದು ಮೋಟು. ಬಹಳ ವರ್ಷದ ಹಿಂದೆ ಹಿಲ್ಯಾಳ ಸ್ಕೂಪು ನೀರಿನ ಕಿಂಡಿಯ ಜಾಲರಿಗೆ ಬಡಿದು ಎಡ ಮೂಲೆ ಹರಿದು ಎರಡು ಹಲ್ಲಾಗಿತ್ತು. ಆಕೆ ಅದನ್ನು ಬದಲಿಸಿರಲಿಲ್ಲ. ಗಂಡನ ಕೈಯಿಂದ ಮಾಡಿಸಿದ್ದು. ಮೆಲ್ವಿನ್ ತುಂಡನ್ನು ಸುರುಳಿ ಸುತ್ತಿ ಬಾಯ್ಲರಿನ ಹಿಂದೆ ಇಟ್ಟ.

ಅದೇ ವಾರ ಹೊಸ ಹಾಳೆ ಬಂತು. ಕಪ್ಪು ರಬ್ಬರು, ಎಲ್ಲೂ ಒಂದು ಗೀರಿಲ್ಲ. ಅದನ್ನು ಹಾಕಿಸಲು ಮೂರು ಸಭೆಗಳಲ್ಲಿ ತೊದಲಿದವನು ಮೆಲ್ವಿನ್‌ನೇ. ಮೊದಲ ಟಾಲ್ಕೂತ್‌ನಲ್ಲೇ ಇದನ್ನೂ ಕೆರೆದರೆ ಹಳೆಯದರ ಗತಿಯೇ ಇದಕ್ಕೂ. ಅಕ್ಟೋಬರಿನಿಂದ ಅವನು ಅದೊಂದನ್ನೇ ಯೋಚಿಸುತ್ತಿದ್ದ.

"ಹೋಗಿ ಹೇಳ್ಬಿಡ್ಬಾರ್ದಾ?" ಎಂದಳು ಹೆಂಡತಿ ಎಲ್ಸಿ. ಕ್ರಿಸ್‌ಮಸ್ಸಿನ ಉಪ್ಪಿನಕಾಯಿಗೆ ದೊಡ್ಡ ಪಾತ್ರೆಯಲ್ಲಿ ಬೀಟ್‌ರೂಟ್ ಬೇಯುತ್ತಿತ್ತು. "ಮುಮ್ಮು, ನಾಲ್ಕು ಬೆರಳು ಬಿಡಿ. ಮೂರು ಮಾತು."

"ನಾಲ್ಕು."

"ಏನು ನಾಲ್ಕು?"

"ಮುಮ್ಮು, ನಾಲ್ಕು, ಬೆರಳು, ಬಿಡಿ."

"ಎಣಿಸೋಕೆ ಮಾತ್ರ ಬಾಯಿ ಬರತ್ತೆ ನಿಂಗೆ."

"ಯಾಕೆ ಅಂತ ಕೇಳ್ತಾರೆ, ಎಲ್ಸಿ."

"ಕೇಳಿದ್ರೆ ಹೇಳು."

"ಅದನ್ನೇ ಹೇಳೋಕಾಗಲ್ಲ." ಅವನು ಪಾತ್ರೆಯೊಳಗೆ ನೋಡುತ್ತಾ ನಿಂತ. ಆಮೇಲೆ ಕೇಳಿದ, "ಈ ನೀರನ್ನ ಏನು ಮಾಡ್ತೀಯ?"

"ಚೆಲ್ತೀನಿ."

"ಉಪ್ಪು ಹಾಕಿದೀಯಾ?"

"ಇಲ್ಲ."

"ಖಂಡಿತಾ ಹಾಕಿಲ್ಲ ತಾನೆ?"

ಎಲ್ಸಿ ಸೌಟನ್ನು ಕೆಳಗಿಟ್ಟು ಅವನ ಮುಖ ನೋಡಿದಳು.

ನವೆಂಬರಿನ ಮೊದಲ ಹಿಮ ಬಿದ್ದ ಬೆಳಿಗ್ಗೆ ಅವನು ಗಿಡಕ್ಕೆ ನೀರು ಹಾಕುವ ಕ್ಯಾನಿನಲ್ಲಿ, ಹಿಮ ಕರಗಿಸುವ ಉಪ್ಪಿಲ್ಲದ ಆ ಕೆಂಪು ನೀರು ತುಂಬಿಕೊಂಡು ಏಣಿ ಹತ್ತಿದ. ಹಿಮಕ್ಕೆ ಬೆರಳು ಊರಿ ಅಳೆದ. ಸರಿಯಾಗಿ ನಾಲ್ಕು. ಯಾರ ಬೆರಳಿನ ನಾಲ್ಕು ಎಂದು ಉಪನ್ಯಾಸಕಿಯನ್ನು ಕೇಳಬೇಕಿತ್ತು ಎಂದು ಆಗ ಹೊಳೆಯಿತು. ಚಾವಣಿಯ ಉದ್ದಕ್ಕೂ ಅಡ್ಡಕ್ಕೂ ಕೆಂಪು ಗೆರೆ ಬಿಡುತ್ತಾ ಹೋದ. ಮೇಲೆ ಹಿಮ ಬಿದ್ದು ಗೆರೆ ಮುಚ್ಚಿಹೋಗುತ್ತದೆ. ತೆಗೆಯುವವರು ಕೆಂಪು ಕಾಣುವವರೆಗೆ ತೆಗೆಯುತ್ತಾರೆ, ಕೆಂಪು ಕಂಡಾಗ ನಿಲ್ಲಿಸುತ್ತಾರೆ. ಯಾರಿಗೂ ಏನೂ ವಿವರಿಸಬೇಕಾಗಿಲ್ಲ. 'ಕೆಂಪು ಕಂಡಲ್ಲಿ ನಿಲ್ಲಿಸಿ' ಎಂದು ಒಂದು ಚೀಟಿ ಬರೆದು ಏಣಿಯ ಪಕ್ಕ ಅಂಟಿಸಿದ. ಅಕ್ಷರ ಒರಟಾಯಿತು, ಅಪ್ಪಣೆ ಕೊಟ್ಟಂತಿದೆ ಎನ್ನಿಸಿ ಕಿತ್ತು ಜೇಬಿಗೆ ಹಾಕಿಕೊಂಡ. ಬಾಯಲ್ಲೇ ಹೇಳಿದರಾಯಿತು.

ಮೂರು ವಾರ ಸರೋವರದ ಕಡೆಯಿಂದ ಹಿಮ ಬಂದೇ ಬಂತು. ತಿಂಗಳ ಕೊನೆಯ ಶನಿವಾರ ಮೊಣಕಾಲು ಮುಳುಗುವಷ್ಟಾಗಿತ್ತು. ಜಿಂಕೆ ಬೇಟೆಯ ದಿನಗಳು ಮುಗಿದಿರಲಿಲ್ಲ. ಗಂಡಸರು ಹೆಚ್ಚಿನವರು ಕಾಡಿನಲ್ಲಿದ್ದರು. ಬಂದವರು ಏಳೇ ಜನ. ಮೆಲ್ವಿನ್ ಏಣಿ ಹತ್ತಿ ತಲೆ ಹೊರಗೆ ಹಾಕುವಷ್ಟರಲ್ಲಿ ಹಿಲ್ಯಾ ಆಗಲೇ ನಡುವಿನಲ್ಲಿ ನಿಂತು ಯಾರು ಎಲ್ಲಿ ಎಂದು ಕೈ ತೋರಿಸುತ್ತಿದ್ದಳು.

"ಮುಮ್ಮು, ಕೆಳಗೆ ಹೋದ ಹಾಗೆ ಸ್ವಲ್ಪ ಕೆಂಪು ಕಾಣತ್ತೆ," ಎಂದ ಅವನು. "ಅದು..."

"ಕೆಂಪಾ? ಎಂಥ ಕೆಂಪು?"

"ಗೆರೆ ಗೆರೆಯಾಗಿ. ಅದು ಕಂಡಾಗ ನೀವು..."

"ಸರಿ ಬಿಡೋ, ಕಂಡ್ರೆ ನಾವು ನೋಡ್ಕೋತೀವಿ. ನೀನು ಹೋಗಿ ಕಾಫಿ ಇಡು. ಹೋದ ಸಲ ತೊಳೆದ ನೀರಿನ ಹಾಗಿತ್ತು."

ಹೇಳಿದ್ದಾಯಿತು ಎಂದು ಮೆಲ್ವಿನ್‌ಗೆ ಅನ್ನಿಸಿತು. ಎರಡು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತೆ ಹಗುರಾಗಿ ಕೆಳಗಿಳಿದ. ಕಾಫಿ ಗಟ್ಟಿಯಾಗಿ ಇಟ್ಟ. ಹೆಂಗಸರು ತಂದಿದ್ದ ಏಲಕ್ಕಿ ಬ್ರೆಡ್ಡನ್ನು ಕೊಯ್ದು ಜೋಡಿಸಿದ. ತುಂಡುಗಳು ಸಮವಾಗಿಲ್ಲ ಎಂದು ಎರಡನ್ನು ತಿಂದುಬಿಟ್ಟ. ಮೇಲಿನಿಂದ ಸ್ಕೂಪುಗಳ ಸದ್ದು ಬರುತ್ತಿತ್ತು. ಹಿಮದ ಮೇಲೆ ಸ್ಕೂಪು ಜಾರಿದರೆ ಯಾರೋ ಉಸಿರು ಬಿಟ್ಟ ಹಾಗೆ ಸದ್ದು. ಅರ್ಧ ಗಂಟೆ ಹಾಗೇ ನಡೆಯಿತು. ಆಮೇಲೆ ಸದ್ದು ಬದಲಾಯಿತು. ಕೀರಲು, ಮೋಟು, ಮತ್ತೆ ಮತ್ತೆ ಒಂದೇ ಜಾಗದಲ್ಲಿ.

ಅವನು ಕಾಫಿ ಪಾತ್ರೆಯನ್ನು ಒಲೆಯ ಮೇಲೆ ಹಾಗೇ ಬಿಟ್ಟು ಏಣಿ ಹತ್ತಿದ.

ಚಾವಣಿಯ ಬಹುಭಾಗ ಬೆಳ್ಳಗೇ ಇತ್ತು. ಭಾರ ಇಳಿದಿತ್ತು, ಸಮವಾಗಿಯೇ ಇಳಿದಿತ್ತು. ಆದರೆ ಏಳು ಜನರೂ ನಡುವಿನ ಕೆಂಪು ಗೆರೆಗಳ ಮೇಲೆ ಬಿದ್ದಿದ್ದರು. ಪೋಸ್ಟಾಫೀಸಿನ ಡೊರಿಸ್ ಮೊಣಕಾಲೂರಿ ಕೈಗವಸಿನಲ್ಲಿ ಉಜ್ಜುತ್ತಿದ್ದಳು. ಹಿಲ್ಯಾ ಸ್ಕೂಪನ್ನು ಅಡ್ಡ ಹಿಡಿದು, ಮೈಭಾರ ಬಿಟ್ಟು, ಕೆಂಪನ್ನು ಎಬ್ಬುತ್ತಿದ್ದಳು. ಆಕೆಯ ಹಿಂದೆ ಹನ್ನೊಂದು ಹೆಜ್ಜೆಯುದ್ದ ಕಪ್ಪು ಪಟ್ಟಿ ಮಿರಮಿರ ಹೊಳೆಯುತ್ತಿತ್ತು.

"ಬಾ ಎರಡನೇ ಸಲ, ಬಾ," ಎಂದು ರೂಡಿ ಕೂಗಿದ. "ನೀನಾದ್ರೂ ಹೇಳು ಇವ್ರಿಗೆ. ಇದು ನಂದಲ್ಲ."

"ಮತ್ತೆ ಯಾರ್ದು?" ಎಂದಳು ಡೊರಿಸ್. "ಊರಲ್ಲಿ ಚಾಕು ಹಿಡಿಯೋನು ನೀನೊಬ್ನೇ. ಬೇಟೆ ದಿನ ಶುರುವಾಗೋಕೆ ಮುಂಚೆನೇ ಜಿಂಕೆ ಹೊಡ್ದು ಇಲ್ಲಿ ತಂದು ಕುಯ್ದಿದೀಯ. ಕಾಡಿನ ಇಲಾಖೆಯವ್ರು ತಾರಸಿ ಹತ್ತಿ ನೋಡಲ್ಲ ಅಂತ."

"ಒಂದು ಜಿಂಕೇಲಿ ಇಷ್ಟು ರಕ್ತ ಇರತ್ತೇನಮ್ಮಾ? ಅದೂ ಗೆರೆ ಎಳೆದ ಹಾಗೆ? ಸಾಯೋಕೆ ಮುಂಚೆ ಲೆಕ್ಕದ ಮೇಷ್ಟ್ರಾಗಿತ್ತೇನೋ."

"ಯಾರ್ದಾದ್ರೂ ಆಗ್ಲಿ," ಎಂದಳು ಹಿಲ್ಯಾ, ತಲೆ ಎತ್ತದೆ. "ನಾಳೆ ಊರೆಲ್ಲ ರಸ್ತೆಯಿಂದ ನೋಡತ್ತೆ. ಮೊದಲು ಈ ಗಲೀಜು ಹೋಗ್ಲಿ, ಆಮೇಲೆ ಮಿಕ್ಕಿದ್ದನ್ನ ಕಪ್ಪಿಗೆ ಇಳಿಸೋಣ."

"ನಿಲ್ಸಿ," ಎಂದ ಮೆಲ್ವಿನ್. ಯಾರಿಗೂ ಕೇಳಿಸಲಿಲ್ಲ. ಅವನು ಹೋಗಿ ಹಿಲ್ಯಾಳ ಸ್ಕೂಪಿನ ಮುಂದೆ ಬೂಟು ಇಟ್ಟ. ಉಕ್ಕು ಬೂಟಿಗೆ ತಾಗಿ ನಿಂತಿತು.

"ಅದು ನಾನು ಹಾಕಿದ್ದು, ಮುಮ್ಮು. ಬೀಟ್‌ರೂಟ್ ನೀರು."

ಎಲ್ಲರೂ ನಗಲು ಶುರು ಮಾಡಿದರು. ಹಿಲ್ಯಾ ನಗಲಿಲ್ಲ.

"ಯಾಕೆ?"

"ಗುರುತಿಗೆ. ಅಲ್ಲಿಗೆ ನಿಲ್ಸ್ಬೇಕು ಅಂತ. ನಾಲ್ಕು ಬೆರಳು ಹಿಮ ಬಿಡ್ಬೇಕು. ಹಾಳೆ ಕೆರೀಬಾರ್ದು."

"ಯಾರು ಹೇಳಿದ್ದು?"

"ತರಗತೀಲಿ."

"ನಾನು ಕಳಿಸಿದ ತರಗತೀಲಿ?"

"ಹೌದು."

ನಗು ನಿಂತಿತು. ರೂಡಿಗೆ ಮೆಲ್ವಿನ್‌ನ ಮೇಲೆ ಕನಿಕರ ಬಂದಿರಬೇಕು. "ಓ, ಇದು ಹೊಸ ಥರದ ಹಾಳೆ ಅಲ್ವಾ," ಎಂದ. "ನಾಜೂಕಿರತ್ತೆ. ಹಳೇದಕ್ಕೆ ಹಾಗೆಲ್ಲ ಇರ್ಲಿಲ್ಲ. ಅಲ್ವೇನೋ ಮೆಲ್ವಿನ್?"

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಇಂದಿಗೆ ಚಾವಣಿ ಉಳಿಯುತ್ತಿತ್ತು, ಹಿಲ್ಯಾಳ ಮೂವತ್ತು ಚಳಿಗಾಲವೂ ಉಳಿಯುತ್ತಿತ್ತು. ಮೆಲ್ವಿನ್ ಬಾಯಿ ತೆರೆದ. ಮುಂದಿನ ಶನಿವಾರ ಇದೇ ಜನ ಇದೇ ಸ್ಕೂಪು ಹಿಡಿದು ಸಭಾಭವನದ ಚಾವಣಿ ಹತ್ತುವವರಿದ್ದರು. ಅಲ್ಲಿರುವುದು ಹಳೆಯ ಥರದ ಹಾಳೆ.

"ಇಲ್ಲ," ಎಂದ. "ಹಳೇದಕ್ಕೂ ಹಾಗೇನೇ. ಪ್ರತಿ ವರ್ಷ ಸೋರ್ತಾ ಇದ್ದಿದ್ದು ಅದಕ್ಕೇ."

"ಗಾಳಿಗಲ್ವಾ?" ಎಂದಳು ಡೊರಿಸ್.

"ಗಾಳಿಗಲ್ಲ."

ಹಿಲ್ಯಾ ಸ್ಕೂಪನ್ನು ನೆಟ್ಟಗೆ ನಿಲ್ಲಿಸಿದಳು. "ನಮ್ಮಿಂದ ಸೋರ್ತಾ ಇತ್ತು ಅಂತೀಯ."

"ಹೌದು, ಮುಮ್ಮು."

"ತೋರ್ಸು."

ಬಾಯ್ಲರ್ ಕೋಣೆಗೆ ಇಬ್ಬರೇ ಹೋದರು. ಆಕೆ ಸ್ಕೂಪನ್ನೂ ಎಳೆದುಕೊಂಡು ಬಂದಳು. ಅದು ಮೆಟ್ಟಿಲಿಗೆಲ್ಲ ಬಡಿಯಿತು. ಮೆಲ್ವಿನ್ ಸುರುಳಿ ಬಿಚ್ಚಿ ಕೆಲಸದ ಮೇಜಿನ ಮೇಲೆ ಹಾಸಿ, ದೀಪವನ್ನು ಹತ್ತಿರ ಎಳೆದ. ಆಕೆ ಕನ್ನಡಕ ಒರೆಸಿ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು. ಒಂದು ಉದ್ದ, ಪಕ್ಕದಲ್ಲಿ ಒಂದು ಮೋಟು. ಕೆಳಗೆ ಮತ್ತೆ ಒಂದು ಉದ್ದ, ಒಂದು ಮೋಟು. ಆಮೇಲೆ ಸ್ಕೂಪನ್ನು ಮೇಜಿನ ಮೇಲೆತ್ತಿ ಅದರ ಹರಿದ ಮೂಲೆಯನ್ನು ಒಂದು ಜೋಡಿ ಸೀಳಿನ ಮೇಲಿಟ್ಟಳು. ಹಲ್ಲು ಎರಡೂ ಕೂತವು. ಇನ್ನೊಂದು ಜೋಡಿಯ ಮೇಲಿಟ್ಟಳು. ಅಲ್ಲೂ ಕೂತವು.

ಬಾಯ್ಲರು ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು.

"ಬೇರೆಯವ್ರದೂ ಇದ್ದಾವು, ಮುಮ್ಮು," ಎಂದ ಮೆಲ್ವಿನ್. "ಇದೊಂದೇ ತುಂಡು ನಾನು ಇಟ್ಕೊಂಡಿದ್ದು. ಬೇರೆ ಕಡೆ..."

"ಯಾವಾಗಿಂದ ಗೊತ್ತು ನಿಂಗೆ?"

"ಜೂನ್‌ನಿಂದ."

"ಕೆರೀಬಾರ್ದು ಅಂತ?"

"ಅದು ಹೋದ ವರ್ಷ. ಫೆಬ್ರವರೀಲಿ."

"ಆ ಶುಕ್ರವಾರ ನಾನು ಕೇಳಿರ್ಬೇಕಲ್ಲ, ಏನು ಹೇಳ್ಕೊಟ್ರು ಅಂತ."

"ಕೇಳಿದ್ರಿ."

"ಏನಂದೆ?"

"ಬಣ್ಣ ಹಚ್ಚೋದು ಅಂದೆ."

ಆಕೆ ತಲೆಯಾಡಿಸಿದಳು. "ಕಳಿಸಿದ್ದು ನಾನು, ಕಲಿತಿದ್ದು ನೀನು. ಕಲಿತಿದ್ದನ್ನ ಬಾಯ್ಲರ್ ಹಿಂದೆ ಇಟ್ಕೋತೀಯ. ಚೆನ್ನಾಗಿದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಬೇರೆ ಯಾವುದೂ ಇರಲಿಲ್ಲ. ಅವನಿಗೆ ಅದೇ ಕಷ್ಟವಾಯಿತು. "ತೋಟಕ್ಕೆ ನೀರು ಬಿಡೋ ರಬ್ಬರ್ ಪೈಪು ಇದ್ಯಾ ಇಲ್ಲಿ?"

ಇತ್ತು. ಆಕೆ ಉದ್ದಕ್ಕೆ ಸೀಳಿಸಿ, ಸ್ಕೂಪಿನ ಉಕ್ಕಿನ ಅಂಚಿಗೆ ಒಸಡಿನ ಹಾಗೆ ತೊಡಿಸಿ, ತಂತಿಯಿಂದ ಬಿಗಿಸಿದಳು. ಬಿಗಿಯಾಯಿತೋ ಇಲ್ಲವೋ ಎಂದು ಮೆಲ್ವಿನ್ ಎಳೆದು ನೋಡಿದ. ಆಮೇಲೆ ಆಕೆಯೂ ಎಳೆದು ನೋಡಿದಳು. ಮಿಕ್ಕ ಆರಕ್ಕೂ ಹಾಗೇ ಮಾಡಬೇಕೆಂದಳು. ಕಾಫಿ ಸೀದುಹೋಗಿತ್ತು. ಅದನ್ನೇ ಕುಡಿದರು. ಬ್ರೆಡ್ಡು ತಿಂದರು. ಏನಾಯಿತೆಂದು ಯಾರೂ ಕೇಳಲಿಲ್ಲ. ಮತ್ತೆ ಮೇಲೆ ಹತ್ತಿ, ಎಲ್ಲೆಲ್ಲಿ ಹಿಮ ದಪ್ಪಗಿತ್ತೋ ಅಲ್ಲೆಲ್ಲ ಕೆಂಪಿನವರೆಗೆ ಇಳಿಸಿ ನಿಲ್ಲಿಸಿದರು. ಡೊರಿಸ್‌ಗೆ ಮಾತ್ರ ಕೊನೆಗೂ ಮನಸ್ಸು ಒಪ್ಪಲಿಲ್ಲ. ಬಂದವರು ಅರ್ಧ ಗುಡಿಸಿದ ಮನೆ ನೋಡಿದ ಹಾಗೆ ಎನ್ನುತ್ತಾ ಇಳಿದಳು.

ಮರುದಿನ ಚರ್ಚಿಗೆ ಹೋಗುವವರು ರಸ್ತೆಯ ಬದಿಯಲ್ಲಿ ಕಾರು ನಿಧಾನ ಮಾಡಿ ನೋಡಿದರು. ಬಿಳಿ ಚಾವಣಿಯ ಮೇಲೆ ಗುಲಾಬಿ ಬಣ್ಣದ ಚೌಕುಳಿ, ನಡುವೆ ಒಂದು ಕಪ್ಪು ಪಟ್ಟಿ. ಪ್ರಾರ್ಥನೆ ಮುಗಿದ ಮೇಲೆ ಮೂರು ಜನ ಬೇರೆ ಬೇರೆಯಾಗಿ ಬಂದು ಹಿಲ್ಯಾಳನ್ನು ಕೇಳಿದರು.

"ಹಾಗೇ ಇರ್ಬೇಕು," ಎಂದಳು ಆಕೆ ಮೂವರಿಗೂ.

ಸಭಾಭವನದ ಚಾವಣಿಗೆ ಬೀಟ್‌ರೂಟ್ ಇರಲಿಲ್ಲ. ಅಲ್ಲಿ ಆಕೆ ಕೈಗವಸು ಕಳಚಿ, ಹಿಮಕ್ಕೆ ಬೆರಳೂರಿ, ಜಾಗ ಜಾಗದಲ್ಲಿ ಅಳೆದು ತೋರಿಸಿದಳು. ತನ್ನ ಬೆರಳು ಸಣ್ಣದು, ಗಂಡಸರು ಮೂರೂವರೆ ಇಟ್ಟುಕೊಂಡರೆ ಸಾಕು ಎಂದಳು. ಮೆಲ್ವಿನ್‌ಗೆ ಆ ಪ್ರಶ್ನೆ ಆ ದಿನ ಬಗೆಹರಿಯಿತು.

ಅಂಗಡಿಯ ಚಾವಣಿಯ ಕಪ್ಪು ಪಟ್ಟಿಯಲ್ಲಿ ಏಳು ಸೀಳುಗಳಿದ್ದವು. ಮೊದಲ ಸಲ ಎಣಿಸಿದಾಗ ಆರು, ಎರಡನೇ ಸಲ ಏಳು, ಮೂರನೇ ಸಲವೂ ಏಳು. ತೇಪೆಯ ಅಂಟು ಚಳಿಯಲ್ಲಿ ಹಿಡಿಯುವುದಿಲ್ಲ. ಡಿಸೆಂಬರಿನಲ್ಲಿ ಬಿಸಿಲಿದ್ದ ಒಂದು ದಿನ ನೋಡಿ, ಎಲ್ಸಿಯ ಕೂದಲು ಒಣಗಿಸುವ ಯಂತ್ರಕ್ಕೆ ಉದ್ದನೆಯ ತಂತಿ ಜೋಡಿಸಿ ಮೇಲೆ ಒಯ್ದು, ರಬ್ಬರನ್ನು ಬೆಚ್ಚಗೆ ಮಾಡಿ ಏಳು ತೇಪೆ ಹಾಕಿದ. ಕೆಳಗಿನಿಂದ ರೂಡಿ, ಕಟ್ಟಡಕ್ಕೆ ಗುಂಗುರು ಮಾಡ್ತಿದ್ದೀಯಾ ಎಂದು ಕೇಳಿದ.

ಏಪ್ರಿಲ್‌ನಲ್ಲಿ ಹಿಮ ಕರಗಿತು. ಫ್ರೀಜರಿನ ಹತ್ತಿರ ಒಣಗಿತ್ತು. ಹಿಟ್ಟಿನ ಸಾಲಿನಲ್ಲಿ ಒಂದು ಕಡೆ ಮಾತ್ರ ಹನಿ ಬೀಳತೊಡಗಿತು. ಮೆಲ್ವಿನ್ ನೆಲದಿಂದ ಅಳೆದು, ಮೇಲೆ ಹತ್ತಿ ಅಳೆದು ನೋಡಿದ. ಕಪ್ಪು ಪಟ್ಟಿಯ ಕೆಳಗೇ. ಐದನೇ ತೇಪೆಯ ಹತ್ತಿರ. ತೇಪೆ ಸರಿಯಾಗಿ ಹಿಡಿದಿಲ್ಲವೋ, ಎಂಟನೆಯ ಸೀಳೊಂದು ತನ್ನ ಕಣ್ಣು ತಪ್ಪಿಸಿತೋ ತಿಳಿಯಲಿಲ್ಲ. ಬಕೆಟ್ ತರಲು ಕೆಳಗೆ ಬಂದಾಗ ಹಿಟ್ಟಿನ ಸಾಲಿನಲ್ಲಿ ಬಕೆಟ್ ಆಗಲೇ ಇತ್ತು. ಪಕ್ಕದಲ್ಲಿ ಹಿಲ್ಯಾ ನಿಂತು ಮೇಲೆ ನೋಡುತ್ತಿದ್ದಳು.

"ನನ್ನ ತಪ್ಪು, ಮುಮ್ಮು," ಎಂದ. "ಅಂಟು ತಣ್ಣಗಾಗಿತ್ತು ಅನ್ಸತ್ತೆ. ಇನ್ನೊಂದು ವಾರ ಕಾಯ್ಬೇಕಿತ್ತು."

"ನಿಂದಲ್ಲ. ನಂದು."

"ಇಲ್ಲ, ಐದನೇ ತೇಪೆ ಹಾಕುವಾಗ ಗಾಳಿ..."

"ಮೂವತ್ತು ವರ್ಷ ಗಾಳೀನ ಬೈದಿದ್ದು ಸಾಕು," ಎಂದಳು ಹಿಲ್ಯಾ. ಬಕೆಟನ್ನು ಕಾಲಿನಿಂದ ಒಂದಿಷ್ಟು ಸರಿಸಿದಳು. ಹನಿ ಸರಿಯಾಗಿ ನಡುವಿಗೆ ಬಿತ್ತು.

ಬೇಸಗೆಯಲ್ಲಿ ಹೊಸ ತೇಪೆ ಹಾಕುವವರೆಗೆ ದಿನಾ ಬೆಳಿಗ್ಗೆ ಆಕೆ ಬಂದು ಬಕೆಟ್ ಬರಿದು ಮಾಡಿ ಹೋಗುತ್ತಿದ್ದಳು. ಆಕೆ ಹೋದ ಮೇಲೆ ಮೆಲ್ವಿನ್ ಬಂದು, ಬರಿದಾಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದ.